ಹತ್ತು ಸೆಕೆಂಡಿನ ಗಾಳಿ

ನೀರು ಬಂದ್ ಆಗಿ ಹನ್ನೊಂದು ತಿಂಗಳಾಗಿತ್ತು. ಬಂದ್ ಮಾಡಿದವನು ರವೀಂದ್ರ. ಮಾಡಿಸಿದವನು ಸಾಹುಕಾರ ಶಿವಕುಮಾರಪ್ಪ. ತಿಂಗಳು ತಿಂಗಳೂ ‘ನೀರಿದೆ, ಎಲ್ಲ ಸರಿಯಿದೆ’ ಎಂದು ರಿಜಿಸ್ಟರಿನಲ್ಲಿ ಸೈನ್ ಹಾಕಿದವನು ನಾನು. ಮೂವರ ಹೆಸರನ್ನೂ ಮೊದಲೇ ಹೇಳಿಬಿಡುತ್ತೇನೆ. ತನ್ನನ್ನು ಬಿಟ್ಟು ಬೇರೆಯವರನ್ನು ಬೈದ ಎಂದು ನಾಳೆ ಯಾರೂ ಅನ್ನಬಾರದು.

ನನ್ನ ಹೆಸರು ಹನುಮೇಶ್. ಐಮಂಗಲದ ಹತ್ತಿರ, ಹೈವೇ ಪಕ್ಕದ ಕೋಲ್ಡ್ ಸ್ಟೋರೇಜಿನಲ್ಲಿ ಎಂಟು ವರ್ಷದಿಂದ ಹೆಲ್ಪರ್. ಐಟಿಐ ಫಿಟ್ಟರ್ ಪಾಸಾಗಿದ್ದೇನೆ. ಅಲ್ಲಿನ ಪೈಪು, ವಾಲ್ವು, ಕಂಪ್ರೆಸರು ಬಿಚ್ಚಿ ಕಟ್ಟುವುದು ನಾನೊಬ್ಬನೇ. ಆದರೂ ಹೆಲ್ಪರ್. ಯಾರಿಗೆ ಹೆಲ್ಪು ಎಂದರೆ ಎಂಜಿನಿಯರ್ ರವೀಂದ್ರನಿಗೆ. ಅವನು ಬೋಲ್ಟು ಬಿಚ್ಚುವ ಪಾನಾ ಹಿಡಿದದ್ದನ್ನು ಈ ಎಂಟು ವರ್ಷದಲ್ಲಿ ನಾನು ನೋಡಿಲ್ಲ.

ನಾವು ಮಾದಿಗರು. ವಾಲ್ವ್ ರೂಮಿನ ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನಿದೆ. ಅದರ ಮೇಲೆ ಸ್ಟೀಲ್ ಲೋಟವಿದೆ. ನನಗೆ ಮಾತ್ರ ಕಿಟಕಿಯಲ್ಲಿ ಬೇರೆ ಪ್ಲಾಸ್ಟಿಕ್ ಬಾಟಲಿ. ಲೋಟ ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಕೆಲಸಕ್ಕೆ ಸೇರಿದ ಮೊದಲನೇ ದಿನ ನಗುನಗುತ್ತಾ ಬಾಟಲಿ ತಂದು ಕೈಗೆ ಕೊಟ್ಟರು, ಅಷ್ಟೆ.

ಕಟ್ಟಡದ ಒಳಗೆ ಮೈನಸ್ ಹದಿನೆಂಟು ಡಿಗ್ರಿ. ಬಟಾಣಿ, ಸ್ವೀಟ್ ಕಾರ್ನು, ಐಸ್‌ಕ್ರೀಮಿನ ಡಬ್ಬಗಳನ್ನು ಹೊತ್ತು ಜೋಡಿಸುವವರು ಇಪ್ಪತ್ತಾರು ಹೆಂಗಸರು. ಕಂಪನಿಯ ದಪ್ಪ ಜಾಕೀಟು ಇರುವುದು ಆರು. ಆ ಆರೂ ಆಫೀಸಿನವರಿಗೆ, ನೋಡಲು ಬರುವ ಸಾಹೇಬರಿಗೆ. ಹೆಂಗಸರು ಮನೆಯಿಂದ ಕಂಬಳಿ ತರುತ್ತಾರೆ. ಕಾಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಮೇಲೆ ದಾರ ಕಟ್ಟಿಕೊಂಡು, ಕಂಬಳಿ ಹೊದ್ದು ಒಳಗೆ ಹೋಗುತ್ತಾರೆ. ಅರ್ಧ ಗಂಟೆ ಒಳಗೆ, ಹತ್ತು ನಿಮಿಷ ಹೊರಗೆ. ಹೊರಗೆ ಬಂದಾಗ ಹುಬ್ಬಿನ ಮೇಲೆ ಬಿಳಿ ಮಂಜು ಕೂತಿರುತ್ತದೆ. ಬಾಯಿ ತೊದಲುತ್ತದೆ. ತಾಳಿಸರ ಎದೆಗೆ ತಾಗಿದ ಕಡೆ ಸುಟ್ಟಂತೆ ಕಪ್ಪಾಗಿರುತ್ತದೆ ಎಂದು ಹೇಳುತ್ತಾರೆ.

ಅಷ್ಟು ತಣ್ಣಗಿರುವ ಕಡೆ ಬೆಂಕಿ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅಲ್ಲಿನ ಗೋಡೆಯೆಂದರೆ ಎರಡು ತಗಡಿನ ನಡುವೆ ಥರ್ಮೋಕೋಲು. ಸೂರೂ ಅದೇ. ಫ್ಯಾನಿನ ವೈರು ಸುಟ್ಟು ಒಂದು ಕಿಡಿ ಒಳಹೊಕ್ಕರೆ ಸೀಮೆಎಣ್ಣೆ ಸುರಿಯುವುದೇ ಬೇಡ. ಹೊಗೆಗೇ ಜನ ಸಾಯುತ್ತಾರೆ.

ಅದಕ್ಕಾಗಿಯೇ ಸೂರಿನ ಕೆಳಗೆ ಉದ್ದಕ್ಕೂ ಪೈಪು, ಪೈಪಿಗೆ ಸ್ಪ್ರಿಂಕ್ಲರು. ಮಾಮೂಲಿ ಕಟ್ಟಡದಲ್ಲಾದರೆ ಪೈಪಿನ ತುಂಬ ನೀರಿರುತ್ತದೆ. ಇಲ್ಲಿ ನೀರಿಟ್ಟರೆ ಮಂಜುಗಡ್ಡೆ ಕಟ್ಟಿ ಪೈಪು ಸೀಳುತ್ತದೆ. ಅದಕ್ಕೆ ಪೈಪಿನ ತುಂಬ ಕಂಪ್ರೆಸರಿನ ಗಾಳಿ. ನೀರು ಹೊರಗಿನ ವಾಲ್ವ್ ರೂಮಿನ ತನಕ ಬಂದು ನಿಂತಿರುತ್ತದೆ. ಎರಡರ ನಡುವೆ ಕಬ್ಬಿಣದ ಒಂದು ಮುಚ್ಚಳ. ಮೇಲಿನಿಂದ ಗಾಳಿ ಅದನ್ನು ಅದುಮಿ ಹಿಡಿದಿರುತ್ತದೆ. ಬೆಂಕಿ ಬಿದ್ದರೆ ಸ್ಪ್ರಿಂಕ್ಲರಿನ ಗಾಜಿನ ಬಲ್ಬು ಒಡೆದು ಗಾಳಿ ಹೊರಗೆ ಹೋಗುತ್ತದೆ, ಮುಚ್ಚಳ ಎದ್ದು ನೀರು ನುಗ್ಗುತ್ತದೆ. ವರ್ಷಕ್ಕೊಮ್ಮೆ ಇದನ್ನು ಪರೀಕ್ಷೆ ಮಾಡಬೇಕು. ಕಟ್ಟಡದ ಆ ಕೊನೆಗೆ, ಹಿಂಗೋಡೆಯ ಹೊರಗೆ, ಟೆಸ್ಟ್ ಪೈಪಿದೆ. ಅದರ ನಲ್ಲಿ ತಿರುಗಿಸಿದರೆ ಮೊದಲು ಗಾಳಿ ಬರಬೇಕು, ಅರವತ್ತು ಸೆಕೆಂಡಿನೊಳಗೆ ನೀರು ಬರಬೇಕು. ಹೋದ ವರ್ಷ ನಾನು ಮಾಡಿದ ಪರೀಕ್ಷೆಯಲ್ಲಿ ನಲವತ್ತೆಂಟು ಸೆಕೆಂಡಿಗೆ ಬಂದಿತ್ತು. ನೋಡಲು ಬಂದಿದ್ದ ಇನ್ಶೂರೆನ್ಸ್ ಇನ್ಸ್‌ಪೆಕ್ಟರು ರವೀಂದ್ರನ ಕೈ ಕುಲುಕಿ ಹೋದ.

ಅದಾಗಿ ತಿಂಗಳಿಗೆ, ಗಣಪತಿ ಹಬ್ಬದ ಮರುದಿನ, ಕಂಪ್ರೆಸರಿನ ಬೆಲ್ಟು ತುಂಡಾಯಿತು. ಗಾಳಿ ಇಳಿಯಿತು. ಮುಚ್ಚಳ ಎದ್ದಿತು. ಬೆಂಕಿಯಿಲ್ಲದೆ ನೀರು ಪೈಪಿನೊಳಗೆ ಹೋಗಿ ನಿಂತಿತು. ಬೆಲ್ಟು ಸವೆದಿದೆ, ಬದಲಾಯಿಸಿ ಎಂದು ನಾನು ಯುಗಾದಿಯಿಂದ ಹೇಳುತ್ತಿದ್ದೆ.

ಪೈಪು ತಗ್ಗಿರುವ ಕಡೆಯಲ್ಲೆಲ್ಲ ನೀರು ಬಸಿಯಲು ಒಂದೊಂದು ನಲ್ಲಿಯಿದೆ. ಒಟ್ಟು ಹದಿನಾಲ್ಕು. ಮೂರು ದಿನ ಏಣಿ ಹಾಕಿಕೊಂಡು ಒಂದೊಂದನ್ನೂ ಬಿಚ್ಚಿದೆ. ಕಬ್ಬಿಣಕ್ಕೆ ಅಂಗೈ ಅಂಟಿ ಚರ್ಮ ಕಿತ್ತು ಬಂತು. ಬಿಸಿನೀರಿನ ಕೆಟಲು ಹಿಡಿದು ಪೈಪಿನ ಮೇಲೆ ಸುರಿದೆ. ಆ ನೀರು ನನ್ನ ತೋಳಿನ ಮೇಲಿಳಿದು ಅಲ್ಲೇ ಗಡ್ಡೆಯಾಯಿತು. ಕೊನೆಗೆ ಸಾಹುಕಾರನ ಮುಂದೆ ಹೋಗಿ ನಿಂತೆ.

“ಸಾವ್ಕಾರ್ರೆ, ಎರಡು ದಿನ ಮಿಷಿನ್ ನಿಲ್ಸಿ ಬಾಗ್ಲು ತೆಗೀರಿ. ಒಳಗಿಂದು ಪೂರ್ತಿ ಕರಗಬೇಕು. ಇಲ್ಲಾಂದ್ರೆ ಪೈಪಿನಾಗೆ ಗಡ್ಡೆ ಉಳ್ಕಂತೈತೆ.”

“ಐಸ್‌ಕ್ರೀಮು ನಿಮ್ಮಪ್ಪ ತಿಂತಾನೇನ್ಲೇ?” ಎಂದ ಶಿವಕುಮಾರಪ್ಪ. “ಎಷ್ಟ್ ಬರ್ತೈತೋ ಅಷ್ಟ್ ತೆಗಿ. ರವೀಂದ್ರ, ಆ ನೀರೇ ಬಂದ್ ಮಾಡ್ಬಿಡಪ್ಪ. ಇನ್ನೊಂದ್ ಸಲ ಹಿಂಗಾಗಬಾರ್ದು.”

ಬಂದಷ್ಟು ತೆಗೆದೆ. ರವೀಂದ್ರ ವಾಲ್ವ್ ರೂಮಿನಲ್ಲಿ ನೀರಿನ ದೊಡ್ಡ ಚಕ್ರವನ್ನು ಪೂರ್ತಿ ಬಂದ್ ಮಾಡಿಸಿದ. ತಿರುಗಿಸಿದ್ದು ನನ್ನ ಕೈಯೇ. ಚೈನು ಸುತ್ತಿ ಬೀಗ ಹಾಕಿ ಕೀ ಮಾತ್ರ ಅವನು ಜೇಬಿಗೆ ಹಾಕಿಕೊಂಡ.

ಆಮೇಲೆ ಆಯುಧಪೂಜೆ ಬಂತು. ಹಿಂದಿನ ದಿನ ವಾಲ್ವ್ ರೂಮು ತೊಳೆದು, ಚಕ್ರದ ಜಿಡ್ಡು ಉಜ್ಜಿ, ಕೆಂಪು ಬಣ್ಣ ಬಳಿದವನು ನಾನು. ಪೂಜೆ ಹೊತ್ತಿಗೆ “ಹನುಮೇಶಾ, ನೀನು ಅಲ್ಲೇ ಇರಪ್ಪ” ಎಂದು ಬಾಗಿಲ ಹೊರಗೆ ನಿಲ್ಲಿಸಿದರು. ಬಂದ್ ಆದ ಚಕ್ರಕ್ಕೆ ವಿಭೂತಿ ಬಳಿದರು, ಕುಂಕುಮ ಇಟ್ಟರು, ಚೈನಿನ ಮೇಲೆ ಹೂವಿನ ಹಾರ ಹಾಕಿದರು. ನೀರು ಕೊಡದ ಚಕ್ರಕ್ಕೆ ಮಂಗಳಾರತಿ! ವಾರ ಬಿಟ್ಟು ನಾನು ರವೀಂದ್ರನನ್ನು ಕೇಳಿದೆ: “ಸಾರ್, ಇನ್ನು ತೆಗೀಬಹುದಾ?” ಅವನು ಹೇಳಿದ: “ಪೂಜೆ ಆಗಿರೋದು ಕಣೋ. ಮುಂದಿನ ಪೂಜೆ ತನಕ ನೀನು ಅದನ್ನ ಮುಟ್ಟಬ್ಯಾಡ.” ಬಣ್ಣ ಬಳಿಯುವ ತನಕ ನನ್ನ ಕೈ ಮೈಲಿಗೆಯಾಗಿರಲಿಲ್ಲ. ಕುಂಕುಮ ಬಿದ್ದ ಮೇಲೆ ಆಯಿತು.

ನಾನೇನು ಮಾಡಿದೆ? ಸುಮ್ಮನಿದ್ದೆ. ಸೈನ್ ಹಾಕಿದೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಇಂಥ ಕೆಲಸ ಸುತ್ತಮುತ್ತ ಇಲ್ಲ, ಎಲ್ಲರೂ ಹೇಳುವ ಮಾತನ್ನೇ ನನಗೆ ನಾನು ಹೇಳಿಕೊಂಡೆ. ಜೊತೆಗೆ ಒಂದು ಧೈರ್ಯವನ್ನೂ ಇಟ್ಟುಕೊಂಡಿದ್ದೆ. ದೊಡ್ಡ ಪೈಪ್ ಪಾನಾವನ್ನು ವಾಲ್ವ್ ರೂಮಿನ ಬಾಗಿಲ ಹಿಂದೆ ಬಚ್ಚಿಟ್ಟಿದ್ದೆ. ಬೆಂಕಿ ಬಿದ್ದರೆ ಓಡಿಬಂದು ಬೀಗ ಒಡೆಯುತ್ತೇನೆ, ಚಕ್ರ ತಿರುಗಿಸುತ್ತೇನೆ, ಒಂದು ನಿಮಿಷದ ಕೆಲಸ, ಯಾರೂ ಸಾಯುವುದಿಲ್ಲ. ಹನ್ನೊಂದು ತಿಂಗಳು ನನಗೆ ನಿದ್ದೆ ಬಂದದ್ದು ಈ ಲೆಕ್ಕದ ಮೇಲೆ.

ಇಪ್ಪತ್ತು ದಿನದ ಹಿಂದೆ ಕಿಡಿ ಬಿತ್ತು. ಫ್ಯಾನಿನ ಮಂಜು ಕರಗಿಸುವ ಹೀಟರಿನ ವೈರು ಸುಟ್ಟು ಗೋಡೆಯ ಮೂಲೆಗೆ ಹತ್ತಿಕೊಂಡಿತು. ಅದರ ಹತ್ತಿರ ಇದ್ದವಳು ಓಬಕ್ಕ. ಹೆಂಗಸರ ಗ್ಯಾಂಗಿನ ಮೇಸ್ತ್ರಿ, ಐವತ್ತು ದಾಟಿದವಳು, ಕುರಿ ಸಾಕುವ ಮನೆಯವಳು. ಹೊದ್ದ ಕಂಬಳಿ ಕಿತ್ತು ಬಡಿದು ಬಡಿದು ಆರಿಸಿದಳು. ಮೂಲೆ ಕಪ್ಪಾಯಿತು, ಅವಳ ಎಡಗೈ ಬೊಬ್ಬೆಯೆದ್ದಿತು. ಉಳಿದ ಹೆಂಗಸರು ಹಿಂಬಾಗಿಲಿಗೆ ಓಡಿದ್ದರು. ಅದಕ್ಕೆ ಹೊರಗಿನಿಂದ ಚೈನು. ಬಟಾಣಿ ಪ್ಯಾಕೆಟ್ಟು ಕದಿಯುತ್ತಾರೆಂದು ಬೇಸಿಗೆಯಲ್ಲೇ ಹಾಕಿಸಿದ್ದರು. ಮುಂಬಾಗಿಲಲ್ಲಿ ಒಬ್ಬೊಬ್ಬರ ಕಂಬಳಿ ಕೊಡವಿಸಿ ನೋಡಿ ಹೊರಗೆ ಬಿಡುವುದೂ ಆವಾಗಿನಿಂದಲೇ.

ಓಬಕ್ಕನಿಗೆ ಸಿಕ್ಕ ಬಹುಮಾನ ಏನು ಗೊತ್ತೆ? ಸುಟ್ಟ ಉಣ್ಣೆಯ ವಾಸನೆ ಮಾಲಿಗೆ ಹತ್ತಿತೆಂದು ಮೂರು ದಿನ ಕೆಲಸ ಕೊಡದೆ ಗೇಟಿನಲ್ಲಿ ನಿಲ್ಲಿಸಿದರು. ಆ ಮೂರನೆಯ ದಿನ ಅವಳು ನನ್ನನ್ನು ಕರೆದಳು.

“ಹನುಮೇಶಪ್ಪ, ಮ್ಯಾಲಿನ ಪೈಪಿನಾಗೆ ನೀರ್ಯಾಕೆ ಬರ್ಲಿಲ್ಲ?”

“ಅಷ್ಟು ಸಣ್ ಬೆಂಕಿಗೆ ಬರಲ್ಲ ಅಕ್ಕ. ಸೂರಿಗೆ ಕಾವು ಹತ್ಬೇಕು. ದೊಡ್ಡದಾದ್ರೆ ಬಂದೇ ಬರ್ತೈತೆ.”

“ಬರ್ತೈತೆ ಅಲ್ವಾ?”

“ಬರ್ತೈತೆ.”

ಅವಳು ನಂಬಿದಳು. ಮರುದಿನ ಎಲ್ಲರನ್ನೂ ಕರೆದುಕೊಂಡು ಒಳಗೆ ಹೋದಳು. ನನ್ನ ಮಾತಿನ ಮೇಲೆ ಹೋದಳು.

ಮೊನ್ನೆ ಸೋಮವಾರ ವರ್ಷದ ಪರೀಕ್ಷೆ. ಬೆಳಿಗ್ಗೆ ಎಂಟಕ್ಕೇ ರವೀಂದ್ರ ನನ್ನನ್ನು ಮೂಲೆಗೆ ಕರೆದ.

“ನೋಡಪ್ಪ, ಇನ್ಶೂರೆನ್ಸ್‌ನವರು ಬರ್ತಾರೆ. ಮೇಲೆ ಅಟ್ಟದಾಗೆ ಡ್ರಮ್ಮಿಗೆ ನೀರು ತುಂಬ್ಸೀನಿ. ಟೆಸ್ಟ್ ಪೈಪಿಗೆ ಹೋಸು ಕಟ್ಟೈತೆ. ನೀನು ಅಲ್ಲಿ ಕುಂತ್ಕ. ನಾನು ಮಿಸ್ ಕಾಲ್ ಕೊಡ್ತೀನಿ. ಮೊದ್ಲು ಗಾಳಿ ಹೋಗ್ಲಿ, ಮೂವತ್ತು ಎಣಿಸು. ಆಮೇಲೆ ಈ ಕಡೆ ಕಾಕ್ ಬಂದ್ ಮಾಡು, ಡ್ರಮ್ಮಿನ ನಲ್ಲಿ ಬಿಡು. ಮುಗೀತು.”

“ಸಾರ್, ಚಕ್ರನೇ ತೆಗೆದ್ಬಿಡಾಣ. ನಿಜವಾದ ಟೆಸ್ಟೇ ಮಾಡಾಣ.”

“ಮಾಡಿ? ಮತ್ತೆ ಮೂರು ದಿನ ನೀರು ಬಸೀತೀಯಾ? ಹಬ್ಬದ ಮಾಲು ತುಂಬೈತೆ ಒಳಗೆ.” ದನಿ ತಗ್ಗಿಸಿದ. “ಇನ್ನೊಂದು. ಅವರು ಊಟ ಮುಗಿಸಿ ಹೋಗೋ ತನಕ ಕೆಳಗೆ ಇಳೀಬ್ಯಾಡ. ಕೆಮ್ಮಬ್ಯಾಡ. ಒಂದಕ್ಕೆ ಬಂದ್ರೆ ನಿನ್ ಬಾಟ್ಲಿ ಐತಲ್ಲ, ಅದ್ನೇ ತಗಂಡ್ಹೋಗು.”

ನಾನು ನೀರು ಕುಡಿಯುವ ಬಾಟಲಿ ಅದು. ಅದನ್ನೇ ಹಿಡಿದುಕೊಂಡು ಏಣಿ ಹತ್ತಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಉಗಿಯಬೇಕೆನಿಸುತ್ತದೆ. ಆದರೂ ಹತ್ತಿದೆ.

ಅಟ್ಟವೆಂದರೆ ಫ್ರೀಜರಿನ ಸೂರಿಗೂ ಮೇಲಿನ ತಗಡಿಗೂ ನಡುವಿನ ಜಾಗ. ನೆಟ್ಟಗೆ ಕೂರಲಾಗುವುದಿಲ್ಲ. ಮೇಲೆ ಕಾದ ತಗಡು, ಇಲಿ ಹಿಕ್ಕೆ, ಪಾರಿವಾಳದ ಗಲೀಜು. ಬೆವರು ಕಣ್ಣಿಗಿಳಿಯಿತು. ಕೆಳಗೆ ನಾಲ್ಕು ಬೆರಳು ದಪ್ಪದ ಥರ್ಮೋಕೋಲ್ ಹಲಗೆ, ಅದರ ಕೆಳಗೆ ಮೈನಸ್ ಹದಿನೆಂಟು. ಚಳಿ ತಡೆಯಲು ಹೆಂಗಸರು ಕಾಲು ಬಡಿಯುವ ಸದ್ದು ಕೇಳುತ್ತಿತ್ತು. ಯಾರೋ ಒಬ್ಬಳು ಕೆಮ್ಮುತ್ತಿದ್ದಳು. ಒಂದು ತಾಸು ಹಾಗೇ ಮಲಗಿದ್ದೆ.

ಹನ್ನೊಂದೂವರೆಗೆ ಫೋನು ಮಿಡಿಯಿತು. ಕೆಳಗೆ ಹಿಂಗೋಡೆಯ ಹತ್ತಿರ ನಲ್ಲಿ ತೆಗೆದರು. ಅಟ್ಟದಿಂದ ಆ ನಲ್ಲಿಗೆ ಇಳಿಯುವ, ನನ್ನ ಪಕ್ಕದ ಪೈಪಿನಲ್ಲಿ ಗಾಳಿ ಹರಿಯತೊಡಗಿತು. ಎಣಿಸಿದೆ. ಒಂದು, ಎರಡು, ಮೂರು.

ಹತ್ತಕ್ಕೆ ಗಾಳಿ ನಿಂತಿತು.

ನಾನು ಪೈಪಿಗೆ ಕಿವಿ ಹಚ್ಚಿದೆ. ಸದ್ದಿಲ್ಲ. ಉಗುರಿನಿಂದ ತಟ್ಟಿದೆ. ಸದ್ದಿಲ್ಲ. ಅಷ್ಟುದ್ದದ ಕಟ್ಟಡದ ಪೈಪು, ಒಳಗೆ ಎರಡೂವರೆ ಕೇಜಿ ಒತ್ತಡದ ಗಾಳಿ, ಆ ಕೊನೆಗೆ ಕಂಪ್ರೆಸರು. ನೀರು ಬಂದ್ ಇರುವಾಗ ಆ ಸಣ್ಣ ನಲ್ಲಿಯಲ್ಲಿ ಗಾಳಿ ನಿಮಿಷಗಟ್ಟಲೆ ಬರಬೇಕು. ಹತ್ತೇ ಸೆಕೆಂಡಿಗೆ ಮುಗಿದರೆ ಅರ್ಥ ಒಂದೇ. ನಡುವೆ ಪೈಪು ಕಟ್ಟಿದೆ. ಹೋದ ವರ್ಷ ಬಸಿಯದೆ ಉಳಿದ ನೀರು ಒಳಗೇ ಬಿರಡೆಯಾಗಿ ಕೂತಿದೆ. ಅದರಿಂದೀಚೆಗೆ ಉಳಿದಿದ್ದ ಗಾಳಿ ಹತ್ತು ಸೆಕೆಂಡಿನದು.

ಬೀಗ ಒಡೆದರೂ ನೀರು ಬರುವುದಿಲ್ಲ. ಚಕ್ರ ತಿರುಗಿಸಿದರೂ ಬರುವುದಿಲ್ಲ. ಪಾನಾ ಬಚ್ಚಿಟ್ಟ ಶೂರ ನಾನು. ಒಂದು ನಿಮಿಷದ ಕೆಲಸ ಎಂದುಕೊಂಡು ಹನ್ನೊಂದು ತಿಂಗಳು ನಿದ್ದೆ ಮಾಡಿದ್ದೆನಲ್ಲ, ಅಷ್ಟು ದಿನವೂ ಆ ಇಪ್ಪತ್ತಾರು ಜನ ಒಲೆಯೊಳಗೆ ನಿಂತು ಕೆಲಸ ಮಾಡಿದ್ದಾರೆ. ಬರ್ತೈತೆ ಎಂದು ನಾನೇ ಹೇಳಿ ಕಳಿಸಿದ್ದೆ. ಕೆಳಗೆ ಅವರು ಕಾಲು ಬಡಿಯುತ್ತಲೇ ಇದ್ದರು.

ಫೋನು ಮತ್ತೆ ಬಂತು. ಈ ಸಲ ಮಿಸ್ ಕಾಲಲ್ಲ. ಎತ್ತಿದೆ.

“ಲೇ, ಗಾಳಿ ನಿಂತೋಯ್ತು, ನೀರು ಬಿಡೋ!” ರವೀಂದ್ರ ಪಿಸುಗುಟ್ಟಿದ.

“ಬಿಡಲ್ಲ.”

“ಏನಂದಿ?”

“ಬಿಡಲ್ಲ ಅಂದೆ. ಕೆಳಗೆ ಬರ್ತೀನಿ.”

ಇಳಿದೆ. ಮೈಯೆಲ್ಲ ಪಾರಿವಾಳದ ಗಲೀಜು. ಹಿಂಗೋಡೆಯ ನೆರಳಿನಲ್ಲಿ ಮೂರು ಕುರ್ಚಿ, ಎಳನೀರು. ಇನ್ಶೂರೆನ್ಸ್ ಕಂಪನಿಯ ಇನ್ಸ್‌ಪೆಕ್ಟರ್ ಲಕ್ಷ್ಮೀಕಾಂತ್ ಮೊಬೈಲಿನಲ್ಲಿ ಸೆಕೆಂಡು ನೋಡುತ್ತ ನಿಂತಿದ್ದ. ಪಕ್ಕದಲ್ಲಿ ಸಾಹುಕಾರ. ಅವರ ಬೆನ್ನಿಗೇ ಚೈನು ಹಾಕಿದ ಹಿಂಬಾಗಿಲು.

“ಸಾರ್, ಈ ಪೈಪಿನಾಗೆ ನೀರು ಬರಲ್ಲ,” ಎಂದೆ. “ಮೇನ್ ವಾಲ್ವು ಬಂದ್ ಮಾಡಿ ಹನ್ನೊಂದು ತಿಂಗಳಾಯ್ತು. ಒಳಗೆ ಪೈಪು ಗಡ್ಡೆ ಕಟ್ಟೈತೆ. ನನ್ನ ಮ್ಯಾಲೆ ಕುಂದ್ರಿಸಿ ಡ್ರಮ್ಮಿನ ನೀರು ಬಿಡ್ಸಿ ನಿಮಗೆ ತೋರಿಸ್ಬೇಕು ಅಂತಿದ್ರು.”

ಲಕ್ಷ್ಮೀಕಾಂತ್ ನನ್ನನ್ನು ನೋಡಲಿಲ್ಲ. ರವೀಂದ್ರನನ್ನು ನೋಡಿದ. “ಯಾರ್ರೀ ಇವನು?”

“ಹೆಲ್ಪರು ಸಾರ್. ಕುಡ್ದವ್ನೆ.”

“ಯಾವನಪ್ಪ ಇವನ್ನ ಒಳಗೆ ಬಿಟ್ಟೋನು?” ಎಂದ ಶಿವಕುಮಾರಪ್ಪ. ಎಂಟು ವರ್ಷ ಅವನ ಪೈಪು ಕಟ್ಟಿದವನು ನಾನು. “ಹೋಗ್ಲೇ ಆಚೆ. ನಿಮ್ ಜನಕ್ಕೆ ಕೈಗೆ ಕಬ್ಬಿಣ ಕೊಟ್ಟಿದ್ದೇ ತಪ್ಪು.”

“ಕುಡ್ದಿದೀನೋ ಇಲ್ವೋ ಈಗ್ಲೇ ಗೊತ್ತಾಗ್ತೈತೆ. ಸಾರ್, ಆ ನಲ್ಲಿ ಬಂದ್ ಮಾಡಬ್ಯಾಡ್ರಿ. ಅಲ್ಲೇ ನಿಂತಿರ್ರಿ.”

ಓಡಿದೆ. ವಾಲ್ವ್ ರೂಮಿನ ಬಾಗಿಲ ಹಿಂದಿನ ಪಾನಾ ತೆಗೆದುಕೊಂಡೆ. ಚಕ್ರದ ಮೇಲೆ ಒಣಗಿದ ಹಾರ ಇನ್ನೂ ಇತ್ತು. ರವೀಂದ್ರ ಹಿಂದೆಯೇ ಬಂದು ಕಾಲರ್ ಹಿಡಿದ. “ಲೇ, ಪೂಜೆ ಆಗಿರೋದು ಅದು! ಮುಟ್ಟಬ್ಯಾಡ!”

ನೀರಿಲ್ಲ ಎಂದಾಗ ಅವನಿಗೆ ನಡುಕ ಬಂದಿರಲಿಲ್ಲ. ನನ್ನ ಕೈ ಹಾರದ ಹತ್ತಿರ ಹೋದಾಗ ಬಂತು. ಮೊಣಕೈಯಿಂದ ಅವನನ್ನು ತಳ್ಳಿದೆ. ಗೋಡೆಗೆ ಹೋಗಿ ಬಿದ್ದ. ಹಾರವನ್ನು ಕಿತ್ತು ಎಸೆದೆ. ಪಾನಾ ಬೀಗದೊಳಗೆ ತೂರಿಸಿ ಮೈಭಾರ ಹಾಕಿ ತಿರುಚಿದೆ. ಮೂರನೆಯ ಸಲಕ್ಕೆ ಬೀಗ ಬಾಯಿ ಬಿಟ್ಟಿತು. ಚೈನು ಎಳೆದು ಬಿಸಾಡಿದೆ. ಚಕ್ರ ತುಕ್ಕು ಹಿಡಿದು ಕೂತಿತ್ತು. ಕಾಲು ಗೋಡೆಗೆ ಕೊಟ್ಟು ಎಳೆದೆ. ಹೋದ ವರ್ಷದ ಅಂಗೈ ಗಾಯ ಬಿರಿಯಿತು. ಇಪ್ಪತ್ತೆರಡು ಸುತ್ತು. ಆಮೇಲೆ ಗಾಳಿಯ ಕಾಕ್ ತೆಗೆದೆ. ವಾಲ್ವಿನ ಕಡೆಯ ಗಾಳಿಯೆಲ್ಲ ಬುಸುಗುಟ್ಟಿ ಹೊರಗೆ ಬಂತು. ಮುಚ್ಚಳ ಎದ್ದ ಏಟಿಗೆ ನೆಲ ಅದುರಿತು. ಪಂಪು ಶುರುವಾಯಿತು. ನೀರಿನ ರಭಸಕ್ಕೆ ಗೋಡೆಯ ಗಂಟೆ ತಾನೇ ಹೊಡೆದುಕೊಳ್ಳತೊಡಗಿತು.

ಆ ಗಂಟೆಯನ್ನು ನಾನು ಮರೆತಿದ್ದೆ. ಗಂಟೆ ಹೊಡೆದರೆ ಬೆಂಕಿ, ಎಲ್ಲ ಬಿಟ್ಟು ಹಿಂಬಾಗಿಲಿಗೆ ಓಡಿ ಎಂದು, ಚೈನು ಬೀಳುವ ಮೊದಲು, ಹೆಂಗಸರಿಗೆ ಕಲಿಸಿದವನು ನಾನೇ. ಗಾಬರಿಯಲ್ಲಿ ಚೈನು ಯಾರಿಗೆ ನೆನಪಿರುತ್ತದೆ?

ಹಿಂಗೋಡೆಗೆ ವಾಪಸು ಓಡಿದೆ. ಟೆಸ್ಟ್ ಪೈಪಿನ ಬಾಯಿ ತೆರೆದೇ ಇತ್ತು. ಒಂದು ಹನಿಯಿಲ್ಲ. ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಇಪ್ಪತ್ತಾರು ಜನರ ಕೈ. ತಗಡು ಹೊರಕ್ಕೆ ಉಬ್ಬಿ ಉಬ್ಬಿ ಹೋಗುತ್ತಿತ್ತು. “ಯಪ್ಪಾ, ತೆಗೀರ್ರೋ!” ಎಂದು ಯಾರೋ ಚೀರಿದರು. ಲಕ್ಷ್ಮೀಕಾಂತ್ ಬಾಗಿಲಿನಿಂದ ದೂರ ಸರಿದು ನಿಂತಿದ್ದ. ಸಾಹುಕಾರ “ಕೀ ಎಲ್ಲಿ, ಕೀ ಎಲ್ಲಿ” ಎಂದು ಕೂಗುತ್ತಿದ್ದ. ಕೀ ಆಫೀಸಿನ ಯಾವುದೋ ಡ್ರಾಯರಿನಲ್ಲಿ.

ಪಾನಾ ಕೈಯಲ್ಲೇ ಇತ್ತು. ಎರಡನೆಯ ಬೀಗವನ್ನೂ ಒಡೆದೆ.

ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬಂದರು. ಮಮತಾ ಎಂಬ ಹುಡುಗಿಯ ಹಣೆ ಬಾಗಿಲಿಗೆ ಬಡಿದು ರಕ್ತ ಸುರಿಯುತ್ತಿತ್ತು. ಕೊನೆಗೆ ಬಂದವಳು ಓಬಕ್ಕ. ತಿರುಗಿ ನೋಡಿ ಎಣಿಸಿದಳು. ಇಪ್ಪತ್ತಾರೂ ಇದ್ದರು. ಆಮೇಲೆ ನನ್ನ ಮುಂದೆ ಬಂದು ನಿಂತಳು.

“ಬೆಂಕಿ ಎಲ್ಲಿ?”

“ಬೆಂಕಿ ಇಲ್ಲ ಅಕ್ಕ.”

“ಮತ್ತೆ ಗಂಟೆ?”

“ನೀರು ಬಿಟ್ಟೆ. ಅದಕ್ಕೆ ಹೊಡೀತು.”

ಅವಳು ಟೆಸ್ಟ್ ಪೈಪಿನ ಬಾಯಿ ನೋಡಿದಳು. “ನೀರೆಲ್ಲಿ?”

“ನೀರೂ ಇಲ್ಲ. ಹನ್ನೊಂದು ತಿಂಗಳಿಂದ ಇಲ್ಲ. ನಂಗೆ ಗೊತ್ತಿತ್ತು. ಸೈನ್ ನಾನೇ ಹಾಕ್ತಿದ್ದೆ.”

ಓಬಕ್ಕ ನನ್ನ ಕೆನ್ನೆಗೆ ಹೊಡೆದಳು. ಬೊಬ್ಬೆ ಮಾಯದ ಎಡಗೈಯಿಂದಲೇ ಹೊಡೆದಳು. ಅವಳ ಮನೆಗೆ ಹೋದರೆ ನಾನು ಅಂಗಳದಲ್ಲೇ ನಿಲ್ಲುವವನು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಾನು ಕೆನ್ನೆ ಉಜ್ಜಿಕೊಳ್ಳಲಿಲ್ಲ. ಇನ್ನೊಂದು ಹೊಡೆದಿದ್ದರೂ ನಿಂತಿರುತ್ತಿದ್ದೆ.

ಗಂಟೆ ನಿಂತಿತು. ರವೀಂದ್ರ ಚಕ್ರ ಬಂದ್ ಮಾಡಿದ್ದ. ಮಾಡಿ ಏನು ಪ್ರಯೋಜನ? ಅರ್ಧ ಪೈಪಿನ ತುಂಬ ಹೊಸ ನೀರು ಹೋಗಿ ನಿಂತ ಜಾಗದಲ್ಲೇ ಗಡ್ಡೆಯಾಗುತ್ತಿತ್ತು. ಇನ್ನು ಮಿಷಿನ್ ನಿಲ್ಲಿಸಿ, ಮಾಲು ತೆಗೆದು, ಎಲ್ಲ ಕರಗಿಸದೆ ಬೇರೆ ದಾರಿಯಿರಲಿಲ್ಲ. ಈ ಮಾತನ್ನು ಲಕ್ಷ್ಮೀಕಾಂತನಿಗೆ ಬಿಡಿಸಿ ಹೇಳಿದೆ.

ಅವನು ಮೊಬೈಲು ಜೇಬಿಗೆ ಹಾಕಿಕೊಂಡ. ಎಳನೀರು ಕುಡಿದ ಬಾಯಿ ಒರೆಸಿಕೊಂಡ. “ನೋಡಿ, ಇದು ಟೆಕ್ನಿಕಲ್ ವಿಷಯ. ಮರುಪರೀಕ್ಷೆ ಅಂತ ಬರೀತೀನಿ. ಹದಿನೈದು ದಿನ ಟೈಮಿರುತ್ತೆ. ಅಲ್ಲೀವರೆಗೆ ಕೆಲಸ ನಡೀಲಿ.”

ಸಾಹುಕಾರನ ಮುಖದಲ್ಲಿ ಜೀವ ಬಂತು. “ಕೇಳಿದ್ರೇನ್ರಮ್ಮಾ? ಸಾಹೇಬ್ರೇ ಹೇಳ್ತವ್ರೆ. ಹೋಗ್ರಿ, ಹೋಗ್ರಿ ಒಳಗೆ. ಮಾಲು ಕರಗ್ತೈತೆ.”

ಓಬಕ್ಕ ಹೆಗಲ ಕಂಬಳಿ ತೆಗೆದಳು. ಲಕ್ಷ್ಮೀಕಾಂತನ ಮುಂದೆ ಹಿಡಿದಳು.

“ಹಂಗಾರೆ ಬರ್ರಿ ಸಾರ್. ಇದ್ನ ಹೊದ್ಕಳ್ರಿ. ಒಳಗ್ ಹೋಗಾಣ.”

“ಏನಮ್ಮಾ?”

“ಒಳಗ್ ಕುಂತ್ಕಂಡು ಬರೀರಿ. ಸಾವ್ಕಾರ್ರೆ, ನೀವೂ ಬರ್ರಿ. ಎಂಜಿನೇರಪ್ಪನ್ನೂ ಕರೀರಿ. ಹೊರಗಿಂದ ಚೈನು ನಾವ್ ಹಾಕ್ತೀವಿ. ಕೆಲ್ಸ ನಡೀಬೌದಾ ಇಲ್ವಾ ಅಂತ ಒಳಗ್ ಕುಂತು ಯೋಚ್ನೆ ಮಾಡಿ ಬರೀರಿ.”

ಬಾಗಿಲು ಹಾರು ಹೊಡೆದಿತ್ತು. ತಣ್ಣನೆಯ ಬಿಳಿ ಹೊಗೆ ನೆಲದ ಮೇಲೆ ಹರಿದು ಅವರ ಬೂಟಿನ ತನಕ ಬಂತು. ಲಕ್ಷ್ಮೀಕಾಂತ್ ಒಂದು ಹೆಜ್ಜೆ ಹಿಂದೆ ಹೋದ. ಶಿವಕುಮಾರಪ್ಪ ತಾನು ಕಟ್ಟಿಸಿದ ಬಾಗಿಲನ್ನೇ ನೋಡಿದ, ಕಾಲೆತ್ತಲಿಲ್ಲ. ರವೀಂದ್ರ ಕಟ್ಟಡದ ಮೂಲೆಯಿಂದೀಚೆ ಬರಲೇ ಇಲ್ಲ.

ಓಬಕ್ಕ ಕಂಬಳಿ ಹಿಡಿದುಕೊಂಡು ಕಾದಳು.

“ನೀವ್ ಬರಲ್ಲ ಅಂದ್ಮೇಲೆ ನಾವ್ಯಾಕ್ರಿ ಹೋಗ್ಬೇಕು?” ಎಂದಳು. ಕಂಬಳಿಯನ್ನು ಅಲ್ಲೇ ನೆಲಕ್ಕೆ ಹಾಸಿ ಕುಳಿತಳು. ಒಬ್ಬೊಬ್ಬರೇ ಎಲ್ಲರೂ ಕುಳಿತರು. ಮಮತಾ ಹಣೆಗೆ ಸೆರಗು ಒತ್ತಿಕೊಂಡು ಕುಳಿತಳು. ನಾನು ನಾಲ್ಕು ಮಾರು ದೂರ ಕುಳಿತೆ.

“ದೂರ ಯಾಕೆ ಕುಂತೀಯೋ?” ಓಬಕ್ಕ ಬೈದಳು. “ಸಾಕ್ಷಿ ಹೇಳಾನು ನೀನು. ನೀನು ಸೈನ್ ಹಾಕಿದ್ದೂ ಸೇರ್ಸಿ ಹೇಳ್ಬೇಕು. ಬಾ ಇಲ್ಲಿ.”

ಎದ್ದು ಹೋಗಿ ಅವಳ ಕಂಬಳಿಯ ಅಂಚಿನಲ್ಲಿ ಕುಳಿತೆ.

ಅಷ್ಟರಲ್ಲಿ ಸಾಹುಕಾರ ಫೋನು ಮಾಡಿದ್ದ. ಹೆಂಗಸರು ಹಿಂಬಾಗಿಲು ಬಡಿಯುತ್ತಿದ್ದಾಗ ಅವನಿಗೆ ಕೀ ಸಿಕ್ಕಿರಲಿಲ್ಲ. ಪೊಲೀಸು ಮಾತ್ರ ಇಪ್ಪತ್ತು ನಿಮಿಷಕ್ಕೇ ಸಿಕ್ಕಿತು. ಜೀಪು ಹೈವೇಯಿಂದಿಳಿದು ನೇರ ಹಿಂಗೋಡೆಗೇ ಬಂತು. ಪೊಲೀಸ್ ಸಾಹೇಬನೊಬ್ಬ ಇಳಿದ. ಒಡೆದ ಬೀಗವನ್ನು ಬೂಟಿನ ತುದಿಯಿಂದ ಹೊರಳಿಸಿ ನೋಡಿದ. ಅವನ ಹಿಂದೆ ಪುಸ್ತಕ ಹಿಡಿದ ಕಾನ್ಸ್‌ಟೇಬಲ್.

“ಯಾವನ್ಲೇ ಬೀಗ ಒಡ್ದೋನು?”

ನಾನು ಎದ್ದು ನಿಂತೆ.

“ನಾನು ಸಾರ್. ಎರಡೂ ನಾನೇ ಒಡ್ದಿದ್ದು. ಒಳಗೆ ಇಪ್ಪತ್ತಾರು ಜನ ಇದ್ರು. ಹಾಕಿದ್ದು ಯಾರು ಅಂತ ಮೊದ್ಲು ಬರ್ಕಳ್ರಿ. ಆಮೇಲೆ ನನ್ ಹೆಸ್ರು ಬರೀರಿ.”